ಹಳೇ ಓಮ್ನಿಗೆ ಮನೆಯಲ್ಲೇ ಪ್ಲಗ್ ಬದಲಿಸುವುದು

ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುವುದು, ಏರಿನಲ್ಲಿ ಜರ್ಕ್ ಹೊಡೆಯುವುದು, ಪೆಟ್ರೋಲ್ ಕುಡಿಯುವುದು: ಇಷ್ಟಿದ್ದರೆ ಮೊದಲು ಸ್ಪಾರ್ಕ್ ಪ್ಲಗ್ (ಪೆಟ್ರೋಲ್ ಹೊತ್ತಿಸಲು ಕಿಡಿ ಕೊಡುವ ಭಾಗ) ನೋಡಿ. ಓಮ್ನಿಯ 796 ಸಿಸಿ ಎಂಜಿನ್‌ಗೆ ಮೂರೇ ಸಿಲಿಂಡರ್, ಮೂರೇ ಪ್ಲಗ್. ಒಂದು ಕೈಕೊಟ್ಟರೆ ಮೂರನೇ ಒಂದು ಪಾಲು ಶಕ್ತಿ ಹೋದಂತೆ. (ಡೀಸೆಲ್ ಪಿಕಪ್ ಇಟ್ಟುಕೊಂಡವರು ಹುಡುಕಬೇಡಿ, ಅದರಲ್ಲಿ ಸ್ಪಾರ್ಕ್ ಪ್ಲಗ್ ಇರುವುದೇ ಇಲ್ಲ.)

ಪ್ಲಗ್ ಕೊಳ್ಳುವಾಗ ಓನರ್ಸ್ ಮ್ಯಾನುಯಲ್‌ನಲ್ಲಿರುವ ನಂಬರನ್ನೇ ಕೇಳಿ. ಬೇರೆ ಕಂಪನಿಯದು ಕೊಟ್ಟರೆ ಅಂಕಿ ಹೋಲಿಸಿ ಒಪ್ಪಬೇಡಿ. ಎನ್‌ಜಿಕೆಯಲ್ಲಿ ಅಂಕಿ ಹೆಚ್ಚಿದಷ್ಟೂ ಪ್ಲಗ್ 'ಕೋಲ್ಡ್' (ಬಿಸಿಯನ್ನು ಬೇಗ ಹೊರಹಾಕುವಂಥದ್ದು), ಬಾಷ್‌ನಲ್ಲಿ ಇದು ಪೂರ್ತಿ ಉಲ್ಟಾ. ಜೊತೆಗೆ ಪ್ಲಗ್ ಸ್ಪ್ಯಾನರ್ (ಹಳೇ ದಪ್ಪ ಪ್ಲಗ್‌ಗೆ 21 ಮಿ.ಮೀ.), ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ಪಟ್ಟಿಗಳು), ಒಂದು ಗೇಣು ರಬ್ಬರ್ ಪೈಪ್, ಗಾಳಿ ಹೊಡೆಯಲು ಪಂಪ್ ಇರಲಿ.

ಎಂಜಿನ್ ಪೂರ್ತಿ ತಣಿಯಲಿ. ಹೆಡ್ (ಪ್ಲಗ್ ಕೂರುವ, ಎಂಜಿನ್‌ನ ಮೇಲಿನ ಭಾಗ) ಅಲ್ಯೂಮಿನಿಯಂ, ಪ್ಲಗ್ ಮೈ ಉಕ್ಕು. ಬಿಸಿಯಲ್ಲಿ ತಿರುಗಿಸಿದರೆ ಪ್ಲಗ್ ಜೊತೆ ಹೆಡ್‌ನ ಥ್ರೆಡ್ಡೂ ಕಿತ್ತು ಬರಬಹುದು. ಕೀ ತೆಗೆದಿಟ್ಟು ಮುಂದಿನ ಸೀಟು ಎತ್ತಿ. ಎಂಜಿನ್ ಅಲ್ಲೇ ಕೆಳಗಿದೆ. ವೈರುಗಳನ್ನು ಒಟ್ಟಿಗೆ ಕೀಳಬೇಡಿ. ಒಂದು ತೆಗೆದು, ಆ ಪ್ಲಗ್ ಬದಲಿಸಿ, ವೈರ್ ಹಾಕಿ, ಆಮೇಲೆ ಇನ್ನೊಂದು. ಅದಲುಬದಲಾದರೆ ಗಾಡಿ ಸರಿಯಾಗಿ ಓಡುವುದಿಲ್ಲ. ಎಳೆಯುವಾಗ ವೈರ್ ಹಿಡಿಯದೆ ತುದಿಯ ರಬ್ಬರ್ ಕ್ಯಾಪನ್ನೇ ಹಿಡಿದು ಸ್ವಲ್ಪ ತಿರುಚಿ ಎಳೆಯಿರಿ.

ಪ್ಲಗ್ ಅರ್ಧ ಸುತ್ತು ಸಡಿಲಿಸಿ, ಸುತ್ತಲಿನ ಮಣ್ಣು ಊದಿ ತೆಗೆದು, ಆಮೇಲೆ ಪೂರ್ತಿ ಬಿಚ್ಚಿ. ಓಮ್ನಿಗೆ ರಸ್ತೆಯ ಧೂಳು ಚೆನ್ನಾಗಿ ಮೆತ್ತಿರುತ್ತದೆ. ಒಂದು ಮರಳಿನ ಕಣ ಸಿಲಿಂಡರ್‌ಗೆ ಬಿದ್ದರೂ ಗೋಡೆಗೆ ಗೀರು.

ತೆಗೆದ ಪ್ಲಗ್‌ಗಳನ್ನು ಸಿಲಿಂಡರ್ ಕ್ರಮದಲ್ಲೇ ಜೋಡಿಸಿಡಿ. ತುದಿ ತಿಳಿಗಂದು ಇದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕರಿ ಮಸಿಯಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಏರ್ ಫಿಲ್ಟರ್, ಚೋಕ್ ನೋಡಿ. ಎಣ್ಣೆಯ ಒದ್ದೆಯಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ, ಹೊಸ ಪ್ಲಗ್ಗೂ ಹೆಚ್ಚು ದಿನ ಬಾಳುವುದಿಲ್ಲ. ಸುಣ್ಣದಂತೆ ಬಿಳುಚಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಇಲ್ಲವೇ ಎಂಜಿನ್ ಅತಿಯಾಗಿ ಕಾಯುತ್ತಿದೆ.

ಹೊಸ ಪ್ಲಗ್ ಡಬ್ಬಿಯಿಂದ ತೆಗೆದ ಹಾಗೇ ಹಾಕುವವರೇ ಹೆಚ್ಚು. ಗ್ಯಾಪ್ (ತುದಿಯ ಎರಡು ಕಡ್ಡಿಗಳ ನಡುವಿನ ಸಂದು) ಅಳೆಯಿರಿ: ಕಾರ್ಬ್ಯುರೇಟರ್ ಗಾಡಿಗೆ 0.7ರಿಂದ 0.8 ಮಿ.ಮೀ., ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವುದು) ಆದರೆ ಮ್ಯಾನುಯಲ್‌ನಲ್ಲಿರುವಷ್ಟು. ಹೆಚ್ಚುಕಡಿಮೆ ಇದ್ದರೆ ಹೊರಗಿನ ಬಾಗಿದ ಕಡ್ಡಿಯನ್ನು ಮಾತ್ರ ಬಗ್ಗಿಸಿ; ನಡುವಿನದಕ್ಕೆ ಕೈ ಹಚ್ಚಿದರೆ ಪಿಂಗಾಣಿ ಬಿರುಕು ಬಿಡುತ್ತದೆ.

ಹೆಡ್ ಹಾಳಾಗುವುದು ಮುಂದಿನ ಹಂತದಲ್ಲಿ. ಪ್ಲಗ್‌ನ ಮೇಲ್ತುದಿಗೆ ರಬ್ಬರ್ ಪೈಪ್ ಸಿಕ್ಕಿಸಿ, ತೂತಿಗಿಟ್ಟು, ಮೊದಲು ಉಲ್ಟಾ ತಿರುಗಿಸಿ. 'ಟಕ್' ಎಂದು ಕೂತಾಗ ಸರಿಯಾಗಿ ತಿರುಗಿಸಲು ಶುರು ಮಾಡಿ. ಥ್ರೆಡ್ ಓರೆಯಾಗಿ ಹಿಡಿದರೆ ಪೈಪ್ ಜಾರುತ್ತದೆ, ಸ್ಪ್ಯಾನರ್ ಮಾತ್ರ ಜಾರದೆ ಹೆಡ್ ಕೊರೆಯುತ್ತದೆ. ಮತ್ತೆ ಥ್ರೆಡ್ ಹಾಕಿಸಲು ಹೆಡ್ ಇಳಿಸಬೇಕಾಗಬಹುದು, ಖರ್ಚು ಪ್ಲಗ್‌ನ ಹತ್ತಾರು ಪಟ್ಟು.

ಕೈಯಲ್ಲೇ ಕೊನೆಯವರೆಗೆ ಹೋಗಿ ವಾಶರ್ ತಾಗಿದ ಮೇಲೆ ಸ್ಪ್ಯಾನರ್‌ನಿಂದ ಅರ್ಧ ಸುತ್ತು ಸಾಕು. ಟಾರ್ಕ್ ರೆಂಚ್ (ಬಿಗಿತ ಅಳೆಯುವ ಸ್ಪ್ಯಾನರ್) ಇದ್ದರೆ ಸುಮಾರು 25 ನ್ಯೂಟನ್ ಮೀಟರ್. ಹಳೇ ಪ್ಲಗ್ಗನ್ನೇ ವಾಪಸ್ ಹಾಕುವುದಾದರೆ ವಾಶರ್ ಆಗಲೇ ಚಪ್ಪಟೆಯಾಗಿರುತ್ತದೆ, ಹನ್ನೆರಡನೇ ಒಂದು ಸುತ್ತಷ್ಟೇ. ಥ್ರೆಡ್‌ಗೆ ಗ್ರೀಸ್ ಬೇಡ. ಜಾರುವುದರಿಂದ ಅಳತೆ ಮೀರಿ ಬಿಗಿಯಾಗುತ್ತದೆ.

ಕ್ಯಾಪ್ ಪೂರ್ತಿ ಕೂರುವ ತನಕ ಒತ್ತಿ, ಸ್ಟಾರ್ಟ್ ಮಾಡಿ. ಇನ್ನೂ ಮಿಸ್ಸಿಂಗ್ (ಯಾವುದೋ ಸಿಲಿಂಡರ್ ಸರಿಯಾಗಿ ಉರಿಯದಿರುವುದು) ಇದ್ದರೆ ಎಂಜಿನ್ ಆಫ್ ಮಾಡಿಯೇ ಕ್ಯಾಪ್‌ಗಳನ್ನು ಮತ್ತೊಮ್ಮೆ ಒತ್ತಿ ನೋಡಿ. ಓಡುವಾಗ ಮುಟ್ಟಿದರೆ ಸಾವಿರಾರು ವೋಲ್ಟಿನ ಶಾಕ್. ಆದರೂ ಹೋಗದಿದ್ದರೆ ಮಿಸ್ ಆಗುವ ಸಿಲಿಂಡರ್‌ನ ಪ್ಲಗ್ಗನ್ನು ಪಕ್ಕದ್ದಕ್ಕೆ ಅದಲುಬದಲು ಮಾಡಿ. ತೊಂದರೆಯೂ ಪಕ್ಕಕ್ಕೆ ಹೋದರೆ ಪ್ಲಗ್ಗೇ ಕೆಟ್ಟದ್ದು. ಅಲ್ಲೇ ಉಳಿದರೆ ವೈರ್ ನೋಡಿ, ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಇದ್ದರೆ ಅದರ ಕ್ಯಾಪ್ ನೋಡಿ, ಕೊನೆಗೆ ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ಚೆಕ್ ಮಾಡಿಸಿ.