ಡಿಗ್ರಿ ಆದ್ಮೇಲಿನ ಭಯ, 14ನೇ ತಾರೀಕು ಮತ್ತೆ ಫ್ರೀ ಬಸ್ಸು: ನನ್ನ ಅನುಭವ

ನಾನು 2023ರಲ್ಲಿ ಮಂಡ್ಯದಲ್ಲಿ ಬಿಕಾಂ ಮುಗಿಸಿದೋಳು. ಈಗ ಮೈಸೂರಲ್ಲಿ ಒಂದು ಆಡಿಟರ್ ಆಫೀಸಲ್ಲಿದೀನಿ, ಸುಮಾರು ಮೂವತ್ತು ಪಾರ್ಟಿಗಳ, ಅಂದ್ರೆ ಕ್ಲೈಂಟ್‌ಗಳ, ಜಿಎಸ್‌ಟಿ ಪೂರ್ತಿ ನಾನೇ ನೋಡ್ಕೊಳ್ತೀನಿ. ಫ್ರೀ ಬಸ್ಸಲ್ಲಿ ಹೋಗಿ ನೇರವಾಗಿ ಆಡಿಟರ್ ಆಫೀಸಿನ ಬಾಗಿಲು ತಟ್ಟೋದು ನಾನು ಹಿಡಿದ ದಾರಿ, ಅದು ಆಗೋದಲ್ಲ ಅಂತ ಮನೇಲೂ ಹೇಳಿದ್ರು, ಕ್ಲಾಸ್‌ಮೇಟ್ಸೂ ಹೇಳಿದ್ರು, ಆದ್ರೆ ಆಯ್ತು, ಅದಕ್ಕೇ ಬರೀತಿದೀನಿ. ಟ್ಯಾಲಿ, ಎಕ್ಸೆಲ್, ರೆಸ್ಯೂಮೆ ಎಲ್ಲ ನಿಮಗೆ ಗೊತ್ತಿರತ್ತೆ, ಅದು ಬಿಡಿ. ಭಯದ ವಿಷಯ ಮಾತ್ರ ಹೇಳ್ತೀನಿ.

ಗೊತ್ತಿಲ್ಲದ ನಂಬರಿಂದ ಫೋನ್ ಬಂದ್ರೆ ಎತ್ತುತ್ತಿರಲಿಲ್ಲ. ಇಂಟರ್‌ವ್ಯೂ ಅಂತ ಮೆಸೇಜ್ ಬಂದ್ರೆ ಅವತ್ತು ರಾತ್ರಿನೇ ಹೊಟ್ಟೆ ಕೆಡೋದು. ನೆಂಟರು ಬಂದ್ರೆ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಾ ಕೂತ್ಬಿಡ್ತಿದ್ದೆ, "ಏನವ್ವ, ಮುಂದಕ್ಕೆ ಏನ್ ಮಾಡೀಯೆ" ಅಂತ ಕೇಳ್ತಾರಲ್ಲ ಅಂತ.

ಇದಕ್ಕೆ ಮೊದಲು ದುಡ್ಡು ಖರ್ಚು ಮಾಡಿದ್ದು ಹೇಳ್ಬೇಕು. ಪ್ಲೇಸ್‌ಮೆಂಟ್ ಗ್ಯಾರಂಟಿ ಅಂತ ಒಂದು ಕೋರ್ಸ್, ಹದಿನೆಂಟು ಸಾವಿರ ಇರ್ಬೇಕು, ಅಪ್ಪನ ಕಬ್ಬಿನ ದುಡ್ಡು. ಎಲ್ಲರ ಮುಂದೆ ನಿಲ್ಲಿಸಿ ಇಂಗ್ಲಿಷಲ್ಲಿ ಮಾತಾಡಿಸ್ತಿದ್ರು, ನನಗೆ ಇದ್ದಬದ್ದ ಧೈರ್ಯನೂ ಹೋಯ್ತು, ಪ್ಲೇಸ್‌ಮೆಂಟ್ ಅಂತ ಕೊಟ್ಟಿದ್ದು ಎರಡು ಫೋನ್ ನಂಬರ್. ಆಮೇಲೆ ಒಂದು ಕನ್ಸಲ್ಟೆನ್ಸಿಗೆ ರಿಜಿಸ್ಟ್ರೇಷನ್ ಸಾವಿರದ ಐನೂರು, ಮನೇಲೇ ಕೂತು ಡೇಟಾ ಎಂಟ್ರಿ ಅಂತ ಡೆಪಾಸಿಟ್ ಎರಡು ಸಾವಿರ, ಎರಡೂ ವಾಪಸ್ ಬರಲಿಲ್ಲ. ಕೆಲಸ ಕೊಡಕ್ಕೆ ನಮ್ಮ ಹತ್ರ ದುಡ್ಡು ಕೇಳೋರು ಯಾರೂ ಕೆಲಸ ಕೊಡಲ್ಲ ಕಣ್ರೀ, ಇದೊಂದನ್ನ ಮಾತ್ರ ಖಡಾಖಂಡಿತವಾಗಿ ಹೇಳ್ತೀನಿ. ಚಿಕ್ಕಪ್ಪ ಅಂತೂ ಬೆಂಗಳೂರಿಗೆ ಕಳ್ಸಿ, ಪೀಜಿಗೆ ಹಾಕಿ, ತಾನೇ ದಾರಿಗೆ ಬತ್ತಳೆ ಅಂತ ಒಂದೇ ರಾಗ. ಪೀಜಿಗೇ ತಿಂಗಳಿಗೆ ಏಳೆಂಟು ಸಾವಿರ ಬೇಕು, ಕೈಲಿ ಕೆಲಸ ಇಲ್ಲ.

ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್‌ನಲ್ಲಿ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್, ಕೆಂಪು ಬಸ್ಸಲ್ಲಿ ಆಧಾರ್ ತೋರಿಸಿದ್ರೆ ಸೊನ್ನೆ ಟಿಕೆಟ್. ಕೆಲಸ ಕೇಳಕ್ಕೆ ಅಲ್ಲ, ಸುಮ್ನೆ ಹೋಗ್ಬರೋಣ ಅಂತ ಹೊರಟೆ. ಸರಸ್ವತಿಪುರಂ, ಕುವೆಂಪುನಗರದ ಕಡೆ ಆಡಿಟರ್ ಆಫೀಸು ಎಲ್ಲೆಲ್ಲಿದೆ ನೋಡೋದು, ಬೋರ್ಡ್ ಓದೋದು, ಬಾಗಿಲ ತನಕ ಹೋಗಿ ವಾಪಸ್ ಬರೋದು, ಅಷ್ಟೇ. ನಾಲ್ಕೈದು ಸಲ ಹಂಗೇ ಮಾಡಿದೆ. "ಬಸ್ಸು ಪುಕ್ಸಟ್ಟೆ ಅಂತ ಊರೂರು ಸುತ್ತೀಯಾ" ಅಂತ ಅವ್ವ ಬೈತಿತ್ತು. ಆದ್ರೆ ಮೂರನೇ ಸಲಕ್ಕೆ ಹೊಟ್ಟೆ ಕೆಡೋದು ನಿಂತಿತ್ತು. ನನಗಿದ್ದ ಭಯ ಕೆಲಸದ್ದಲ್ಲ, ಬಾಗಿಲದ್ದು.

ಬಾಗಿಲಲ್ಲೇ ಇನ್ನೊಂದು ಗೊತ್ತಾಯ್ತು. ಮನೆ ಥರ ಇರೋ ಆಫೀಸುಗಳಲ್ಲಿ ಚಪ್ಪಲಿ ಹೊರಗೆ ಬಿಡ್ತಾರೆ. ನಾಲ್ಕೈದು ಜೊತೆ ಇದ್ರೆ ಅಲ್ಲಿ ನಮ್ಮಂಥೋರಿಗೆ ಜಾಗ ಇರತ್ತೆ. ಒಂದೇ ಜೊತೆ ಇದ್ರೆ ಸಾರ್ ಒಬ್ರೇ ಮಾಡ್ಕೊತಿದಾರೆ, ಹದಿನೈದು ಇದ್ರೆ ಸಿಎ ಓದ್ತಾ ಟ್ರೈನಿಂಗಿಗೆ ಬಂದಿರೋ ಆರ್ಟಿಕಲ್‌ಶಿಪ್ ಹುಡುಗರು ತುಂಬಿದಾರೆ ಅಂತ ಲೆಕ್ಕ.

ಆಮೇಲೆ ತಾರೀಕು ಹಿಡ್ಕೊಂಡೆ. ಪ್ರತಿ ತಿಂಗಳು 14ಕ್ಕೆ ಜಿಎಸ್‌ಟಿಆರ್-2ಬಿ, ಅಂದ್ರೆ ಮಾಲು ಮಾರಿದೋರು ತೋರಿಸಿರೋ ಬಿಲ್ಲುಗಳ ಪಟ್ಟಿ, ಜಿಎಸ್‌ಟಿ ಪೋರ್ಟಲಲ್ಲಿ ಬರತ್ತೆ, 20ಕ್ಕೆ 3ಬಿ, ಅಂದ್ರೆ ಆ ತಿಂಗಳ ತೆರಿಗೆ ರಿಟರ್ನ್, ಫೈಲ್ ಆಗ್ಬೇಕು, ಆ ವಾರ ಆ ಆಫೀಸುಗಳಲ್ಲಿ ಉಸಿರಾಡಕ್ಕೆ ಟೈಮಿರಲ್ಲ. ಪರ್ಚೇಸ್ ರಿಜಿಸ್ಟರ್ ಒಂದು ಕಡೆ, 2ಬಿ ಒಂದು ಕಡೆ ಇಟ್ಕೊಂಡು ಬಿಲ್ಲಿಗೆ ಬಿಲ್ಲು ಟ್ಯಾಲಿ ಮಾಡೋ ಕೆಲಸಕ್ಕೆ ಜನ ಬೇಕೇ ಬೇಕು. ನಾನು ಹೋಗಿ ಕೆಲಸ ಕೊಡಿ ಅಂತ ಕೇಳ್ಲೇ ಇಲ್ಲ. "ಸಾರ್, 14ರಿಂದ 20ರ ತನಕ ಬಂದು 2ಬಿ ಮ್ಯಾಚಿಂಗ್ ಮಾಡ್ಕೊಡ್ತೀನಿ, ಈ ತಿಂಗಳು ದುಡ್ಡು ಬೇಡ" ಅಂದೆ. ಬಾಗಿಲಲ್ಲಿ ಮೊದಲು ಆಡೋ ಮಾತು ಇನ್ನೊಂದಿದೆ, ಅದನ್ನ ನನ್ನ ತಂಗಿಗೆ ಮಾತ್ರ ಹೇಳಿಕೊಟ್ಟಿದೀನಿ, ಇಲ್ಲಿ ಬರೆಯಲ್ಲ.

ಹತ್ತಿಪ್ಪತ್ತು ಕಡೆ ಬೇಡ ಅಂದ್ರು. ಒಂದು ಕಡೆ ಎರಡು ತಿಂಗಳು ದುಡಿಸ್ಕೊಂಡು ಕೊನೆಗೆ ಬಸ್ಸು ಫ್ರೀ ತಾನೇ ಅಂದ್ರು, ಬಿಟ್ಟು ಬಂದೆ. ಈಗಿರೋ ಆಫೀಸಲ್ಲಿ ಮೊದಲ ತಿಂಗಳು ಕೇಳದೇನೇ ಐನೂರು ಕೊಟ್ರು, ಆಮೇಲೆ ಎರಡು ಸಾವಿರ, ಸೆಪ್ಟೆಂಬರ್ ಆಡಿಟ್ ಟೈಮಿಗೆ ಪೂರ್ತಿ ಕೆಲಸ, ಎಂಟು ಸಾವಿರ. ಈಗ ಹದಿನಾರರ ಹತ್ತಿರ ಬರ್ತಿದೆ. ನಮ್ಮ ಸಾರ್ 2ಬಿ ಅಂದ್ರೆ ಮೊದಲು ನನ್ನ ಟೇಬಲ್ ಕಡೆನೇ ನೋಡ್ತಾರೆ.

ಮಧ್ಯೆ ಒಂದು ಪ್ರಯೋಗನೂ ಮಾಡ್ತಿದ್ದೆ. ಹೋಗೋವಾಗ ಬಸ್ ಟಿಕೆಟ್ ಹಿಂದೆ ಇವತ್ತು ಏನು ಕೆಟ್ಟದಾಗತ್ತೆ ಅಂತ ಅನ್ಸತ್ತೋ ಅದನ್ನ ಬರೆಯೋದು, ಬರೋವಾಗ ಅದರ ಕೆಳಗೆ ನಿಜವಾಗಿ ಏನಾಯ್ತು ಅಂತ ಬರೆಯೋದು. "ಎಲ್ಲರೂ ನಗ್ತಾರೆ" ಅಂತ ಮೇಲೆ, "ಕೂತ್ಕೊ ಅಂದ್ರು, ಟೀ ಕೊಟ್ರು" ಅಂತ ಕೆಳಗೆ. ಮೆಷಿನ್ ಪ್ರಿಂಟು ಅಳಿಸಿ ಬಿಳಿ ಆಗಿದೆ, ಪೆನ್ನಿನ ಬರಹ ಹಂಗೇ ಇದೆ. ಮೇಲೆ ಬರೆದಿದ್ದರಲ್ಲಿ ಹತ್ತಕ್ಕೆ ಒಂದೋ ಎರಡೋ ನಿಜ ಆಗಿರ್ಬೇಕು ಅಷ್ಟೇ. ಬೆಳಿಗ್ಗೆ ಕಾಫಿ ಬಿಟ್ಟೂ ನೋಡಿದೆ, ಏನೂ ಉಪಯೋಗ ಆಗ್ಲಿಲ್ಲ. ಕ್ಲಾಸ್‌ಮೇಟ್ಸ್ ಸ್ಟೇಟಸ್ ಮ್ಯೂಟ್ ಮಾಡಿದ್ದು ಬಾಳಾ ಕೆಲಸ ಮಾಡ್ತು.

ಕೆಲಸ ಇಲ್ಲದ ಡಿಗ್ರಿಯೋರಿಗೆ ಸರ್ಕಾರ ಕೊಡೋ ಯುವನಿಧಿ ತಿಂಗಳಿಗೆ 3000 ಬರ್ತಿತ್ತು, ಊಟಕ್ಕೆ, ಜೆರಾಕ್ಸ್‌ಗೆ ಅದೇ. ಪೂರ್ತಿ ಕೆಲಸ ಸಿಕ್ಕ ತಿಂಗಳೇ ನಿಲ್ಲಿಸಿದೆ. ನಿದ್ದೆನೇ ಬರದಂಗೆ, ಎದೆ ಬಡ್ಕೊಳೋ ಥರ ಆಗೋರು ಇದನ್ನೆಲ್ಲ ಒಬ್ರೇ ಮಾಡಕ್ಕೆ ಹೋಗ್ಬೇಡಿ, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡ್ಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ನಾನೂ ಒಂದ್ಸಲ ಮಾಡಿದೀನಿ, ಸಮಾಧಾನವಾಗಿ ಕೇಳಿಸ್ಕೊಂಡ್ರು.

ಮೊನ್ನೆ ಅದೇ ಚಿಕ್ಕಪ್ಪ ಫೋನ್ ಮಾಡಿದ್ರು, ಮಗಳದ್ದು ಬಿಕಾಂ ಕೊನೇ ಸೆಮಿಸ್ಟರ್, ನಿನ್ನ ಆಫೀಸ್ ಪಟ್ಟಿ ಕಳ್ಸವ್ವ ಅಂತ. ಕಳಿಸಿದೀನಿ. ಜೊತೆಗೆ ಎರಡನೇ ತಿಂಗಳ 14ಕ್ಕೆ ಮುಂಚೆ ದುಡ್ಡಿನ ಮಾತು ಆಗ್ಲೇಬೇಕು, ಆಗ್ಲಿಲ್ಲ ಅಂದ್ರೆ ಪಟ್ಟಿಲಿ ಮುಂದಿನ ಆಫೀಸಿಗೆ ಹೋಗು ಅಂತ ಅವಳಿಗೇ ನೇರವಾಗಿ ಹೇಳಿದೀನಿ.