ಸಹಿ ಹಾಕುವ ಮುಂಚೆ ಸಿಲಿಂಡರ್ ಅಲ್ಲಾಡಿಸಿ ನೋಡಿ

ಹೊಸ ರಿವಾಲ್ವರ್ ಅಂದರೆ ಫ್ಯಾಕ್ಟರಿಯವರು ಎಲ್ಲ ನೋಡಿಯೇ ಕಳಿಸಿರುತ್ತಾರೆ ಅಂತ ನಾನೂ ನಂಬಿದ್ದೆ. ಟೆಕ್ಸಾಸ್‌ನಲ್ಲಿ ಮೊದಲ .44 ಮ್ಯಾಗ್ನಮ್, ಅಂದರೆ ಜೋರು ತೋಟಾ ಹಾರಿಸುವ ದೊಡ್ಡ ಫ್ರೇಮ್‌ನ ರಿವಾಲ್ವರ್, ಕೊಂಡಾಗ ಎರಡು ನಿಮಿಷ ಕೈಯಲ್ಲಿ ಹಿಡಿದು, ಖುಷಿಯಾಗಿ, ಸಹಿ ಹಾಕಿ ಮನೆಗೆ ತಂದೆ. ಗುರಿ ಅಭ್ಯಾಸದ ರೇಂಜ್‌ನಲ್ಲಿ ಮೂವತ್ತು ಗುಂಡು ಹಾರಿಸುವಷ್ಟರಲ್ಲಿ ಸಿಲಿಂಡರ್ (ಗುಂಡು ತುಂಬುವ, ತಿರುಗುವ ಉರುಳೆ) ಬಿಸಿಯಾಗಿ, ಬ್ಯಾರಲ್‌ನ ಹಿಂಭಾಗಕ್ಕೆ ಉಜ್ಜಿ, ತಿರುಗುವುದನ್ನೇ ನಿಲ್ಲಿಸಿತು. ಅಂಗಡಿಗೆ ಹೋದರೆ, ಕಾಗದಪತ್ರ ಆದ ಮೇಲೆ ವಾಪಸ್ ತೆಗೆದುಕೊಳ್ಳಲ್ಲ, ಕಂಪನಿಗೆ ಕಳಿಸಿ ಅಂದರು. ರಿಪೇರಿಯಾಗಿ ಬರಲು ಆರು ವಾರ. ಕೌಂಟರಿನಲ್ಲೇ ಹತ್ತು ನಿಮಿಷ ನೋಡಿದ್ದರೆ ಗೊತ್ತಾಗಿಬಿಡುತ್ತಿತ್ತು.

ದೊಡ್ಡ ಫ್ರೇಮ್ ಅಂದರೆ ಏನು? ಫ್ರೇಮ್ ಅಂದರೆ ಸಿಲಿಂಡರ್, ಬ್ಯಾರಲ್ ಕೂರುವ ಚೌಕಟ್ಟು. ಸ್ಮಿತ್ ಅಂಡ್ ವೆಸನ್ ಕಂಪನಿ ತನ್ನ ರಿವಾಲ್ವರ್‌ಗಳ ಅಳತೆಗೆ ಅಕ್ಷರ ಇಟ್ಟಿದೆ. 'ಜೆ' ಚಿಕ್ಕದು, 'ಕೆ' ಮಧ್ಯಮ, 'ಎನ್' ದೊಡ್ಡದು. 1955ರಲ್ಲಿ .44 ಮ್ಯಾಗ್ನಮ್ ಬಂದದ್ದು ಈ 'ಎನ್' ಫ್ರೇಮ್‌ನಲ್ಲೇ. ರೂಗರ್ ರೆಡ್‌ಹಾಕ್, ಕೋಲ್ಟ್ ಅನಕೊಂಡ ಇದೇ ಸಾಲಿನವು. ಖಾಲಿ ಇದ್ದಾಗಲೇ ಸುಮಾರು ಒಂದೂಕಾಲರಿಂದ ಒಂದೂವರೆ ಕಿಲೋ ತೂಗುತ್ತವೆ. 2003ರಲ್ಲಿ ಇನ್ನೂ ದೊಡ್ಡ 'ಎಕ್ಸ್' ಫ್ರೇಮ್ ಬಂತು, .500 ಮ್ಯಾಗ್ನಮ್‌ಗೆ. ಮೊದಲ ಸಲಕ್ಕೆ ಅದು ಬೇಡ, ನನ್ನ ಮಾತು ಕೇಳಿ.

ಕೊಳ್ಳುವವರು ಯಾರು ಅನ್ನುವುದು ಮೊದಲು ಇತ್ಯರ್ಥವಾಗಲಿ. ಅಮೆರಿಕದಲ್ಲಿ ಲೈಸನ್ಸ್ ಇರುವ ಅಂಗಡಿಯಿಂದ ಕೈಬಂದೂಕು ಕೊಳ್ಳಲು 21 ವರ್ಷ ಆಗಿರಬೇಕು. 4473 ನಂಬರಿನ ಫಾರಂ ತುಂಬಬೇಕು, ಆಮೇಲೆ ಹಿನ್ನೆಲೆ ಪರಿಶೀಲನೆ. ಗ್ರೀನ್ ಕಾರ್ಡ್ ಇದ್ದರೆ ಕೊಳ್ಳಬಹುದು. ಎಚ್-1ಬಿಯಲ್ಲಿ ಇರುವವರಿಗೆ, ಬೇಟೆ ಲೈಸನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ, ಅವಕಾಶ ಇಲ್ಲ. ಹಾಗಂತ "ನಿನ್ನ ಹೆಸರಲ್ಲಿ ತಗೊಂಡು ನನಗೆ ಕೊಡು ಮಾರಾಯ" ಎಂದು ಗೆಳೆಯ ಕೇಳಿದರೆ ಖಂಡಿತ ಒಪ್ಪಬೇಡಿ. ನಿಜವಾಗಿ ಕೊಳ್ಳುತ್ತಿರುವವರು ನೀವೇನಾ ಎಂದು ಫಾರಂ ನೇರವಾಗಿ ಕೇಳುತ್ತದೆ, ಸುಳ್ಳು ಬರೆದರೆ ಅಪರಾಧ. ಇದರ ಮೇಲೆ ರಾಜ್ಯದ ನಿಯಮ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಹತ್ತು ದಿನ ಕಾಯಬೇಕು, ಟೆಕ್ಸಾಸ್‌ನಲ್ಲಿ ಆ ಕಾಯುವಿಕೆ ಇಲ್ಲ.

ಈಗ ಕೌಂಟರಿಗೆ ಬನ್ನಿ. ಅಂಗಡಿಯವನು ಸಿಲಿಂಡರ್ ಬಿಚ್ಚಿ, ಖಾಲಿ ಇದೆ ಎಂದು ತೋರಿಸಿಯೇ ಕೊಡುತ್ತಾನೆ. ಆದರೂ ನೀವೂ ನೋಡಿ, ಗುಂಡು ಕೂರುವ ಆರೂ ಕೋಣೆ. ಖಾಲಿ ಟ್ರಿಗರ್ ಎಳೆಯಬಹುದಾ ಎಂದು ಕೇಳಿ. ಕೇಳದೆ ಎಳೆದರೆ ಮುಖ ಸಿಂಡರಿಸುತ್ತಾರೆ. ಸಿನಿಮಾದಲ್ಲಿ ತೋರಿಸುವ ಹಾಗೆ ಮಣಿಕಟ್ಟು ಝಾಡಿಸಿ ಸಿಲಿಂಡರ್ ಮುಚ್ಚುವುದಂತೂ ಬೇಡವೇ ಬೇಡ, ಸಿಲಿಂಡರನ್ನು ಫ್ರೇಮಿಗೆ ಹಿಡಿದಿರುವ ಲೋಹದ ತೋಳು ಬಾಗಿಬಿಡುತ್ತದೆ.

ಮುಚ್ಚಿದ ಸಿಲಿಂಡರನ್ನು ಎರಡು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ದೂಡಿ ನೋಡಿ. ಕಣ್ಣಿಗೆ ಕಾಣುವಷ್ಟು ಓಡಾಡಿದರೆ ಬೇರೆ ಪೀಸ್ ತೋರಿಸಿ ಅನ್ನಿ. ಆಮೇಲೆ ಸಿಲಿಂಡರ್ ಮತ್ತು ಬ್ಯಾರಲ್ ನಡುವಿನ ಸಂದು. ನಾನು ಎಡವಿದ್ದು ಇಲ್ಲೇ. ಸ್ಕೂಟರ್ ಗ್ಯಾರೇಜಿನಲ್ಲಿ ಟ್ಯಾಪೆಟ್ ಸೆಟ್ ಮಾಡಲು ಬಳಸುತ್ತಾರಲ್ಲ, ಆ ಫೀಲರ್ ಗೇಜ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. 0.004ರಿಂದ 0.008 ಇಂಚು ಇದ್ದರೆ ಚೆನ್ನ. ಅದಕ್ಕಿಂತ ಬಿಗಿ ಇದ್ದರೆ ಬಿಸಿಯಾದಾಗ, ಮಸಿ ಕಟ್ಟಿದಾಗ ಉಜ್ಜುತ್ತದೆ. ತೀರಾ ಅಗಲ ಇದ್ದರೆ ಗ್ಯಾಸು, ಸೀಸದ ಚೂರು ಪಕ್ಕಕ್ಕೆ ಜಾಸ್ತಿ ಚಿಮ್ಮುತ್ತವೆ.

ಮುಂದೆ ಟೈಮಿಂಗ್, ಅಂದರೆ ಕೋಣೆ ಸರಿಯಾದ ಹೊತ್ತಿಗೆ ಬ್ಯಾರಲ್‌ನ ನೇರಕ್ಕೆ ಬಂದು ನಿಲ್ಲುತ್ತದಾ ಎಂಬುದು. ಸಿಲಿಂಡರ್‌ಗೆ ಒಂದು ಬೆರಳಿನಿಂದ ಚೂರು ತಡೆ ಕೊಟ್ಟು, ಹ್ಯಾಮರನ್ನು (ಹಿಂದುಗಡೆ ಇರುವ, ತೋಟಾ ಸಿಡಿಸುವ ಸುತ್ತಿಗೆ) ಬಹಳ ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಹ್ಯಾಮರ್ ಹಿಂದೆ ಹೋಗಿ ನಿಲ್ಲುವಷ್ಟರಲ್ಲಿ ಸಿಲಿಂಡರ್ ಟಕ್ ಎಂದು ಕಚ್ಚಿಕೊಂಡಿರಬೇಕು. ಹೀಗೆ ಆರೂ ಕೋಣೆಗೆ ಮಾಡಿ, ಐದು ಸರಿಯಿದ್ದು ಆರನೆಯದು ಹಿಂದೆ ಬೀಳುವುದು ಉಂಟು. ಹ್ಯಾಮರ್ ಎಳೆದಿಟ್ಟಾಗ ಹೆಬ್ಬೆರಳಿಂದ ಮುಂದಕ್ಕೆ ಒತ್ತಿ ನೋಡಿ, ಜಾರಿ ಬಿದ್ದರೆ ಆ ರಿವಾಲ್ವರ್ ಎಷ್ಟು ಕಡಿಮೆ ಬೆಲೆಗೆ ಸಿಕ್ಕರೂ ಬೇಡ. ಕೊನೆಗೆ ಹಿಂದಿನಿಂದ ನೋಡಿದಾಗ ಮುಂಗುರಿ (ಬ್ಯಾರಲ್ ತುದಿಯ ಗುರಿಕಡ್ಡಿ) ನೆಟ್ಟಗೆ ನಿಂತಿದೆಯಾ, ಓರೆಯಾಗಿದೆಯಾ ನೋಡಿಬಿಡಿ.

ಮನೆಗೆ ತಂದ ಮೇಲೆ ಮ್ಯಾನುಯಲ್ ಓದಿ, ತುಕ್ಕು ಹಿಡಿಯದಿರಲಿ ಎಂದು ಹಚ್ಚಿದ ಎಣ್ಣೆಯನ್ನು ಬ್ಯಾರಲ್, ಕೋಣೆಗಳಿಂದ ಒರೆಸಿ ತೆಗೆಯಿರಿ. ಬೀಗ ಹಾಕುವ ಪೆಟ್ಟಿಗೆ ಮೊದಲೇ ತಂದಿಟ್ಟಿರಬೇಕು, ಮಕ್ಕಳಿರುವ ಮನೆಯಲ್ಲಂತೂ.

ರೇಂಜ್‌ಗೆ ಹೋಗುವಾಗ ಕಣ್ಣಿಗೆ ಕನ್ನಡಕ, ಕಿವಿಗೆ ಎರಡು ಪದರ: ಒಳಗೆ ಫೋಮ್, ಮೇಲೆ ಇಯರ್‌ಮಫ್. ಸೂರಿನ ಕೆಳಗೆ .44 ಮ್ಯಾಗ್ನಮ್ ಸದ್ದು ಎದೆಗೆ ಬಡಿಯುತ್ತದೆ. ಶುರುವಿಗೆ .44 ಸ್ಪೆಷಲ್ ತೋಟಾ ಕೊಳ್ಳಿ. ಮ್ಯಾಗ್ನಮ್ ರಿವಾಲ್ವರ್‌ನಲ್ಲಿ ಸ್ಪೆಷಲ್ ಹಾರಿಸಬಹುದು, ಒದೆತ ಕಡಿಮೆ. ಸ್ಪೆಷಲ್ ರಿವಾಲ್ವರ್‌ನಲ್ಲಿ ಮ್ಯಾಗ್ನಮ್ ಹಾರಿಸುವಂತಿಲ್ಲ. ಏಳು ಗಜದ ದೂರ ಸಾಕು.

ಹಿಡಿಯುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಜೊತೆ ಬಂದಿದ್ದವನು ಕೊಡಗಿನ ಗೆಳೆಯ. ಕೈಲ್‌ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವ ಮನೆಯವನು, ಗುರಿ ಚೆನ್ನಾಗಿದೆ. ಆದರೆ ರಿವಾಲ್ವರ್ ಕೈಗೆ ಬಂದಾಗ, ಕೋವಿಯ ಅಭ್ಯಾಸದಲ್ಲಿ ಎಡಗೈ ತನ್ನಷ್ಟಕ್ಕೆ ಮುಂದೆ ಹೋಯಿತು. ನಾನು ಕೂಗಿ ನಿಲ್ಲಿಸಿದೆ. ಸಿಲಿಂಡರ್, ಬ್ಯಾರಲ್ ನಡುವಿನ ಆ ಸಂದಿನಿಂದ ಹೊರಬರುವ ಬಿಸಿ ಗ್ಯಾಸು ಬೆರಳನ್ನು ಎಲುಬಿನವರೆಗೆ ಕೊಯ್ಯಬಲ್ಲದು. ಎರಡೂ ಕೈ ಹಿಡಿಯ ಮೇಲೇ ಇರಲಿ, ಹೆಬ್ಬೆರಳು ಸಿಲಿಂಡರಿನ ಹಿಂದೆ.

ಮೊದಲು ಒಂದೇ ಗುಂಡು ತುಂಬಿ. ಒದೆತಕ್ಕೆ ಹೆದರಿ ಕೈ ಬಿಗಿಯಾದಾಗ ಬೆರಳು ತಾನಾಗಿ ಮತ್ತೊಮ್ಮೆ ಟ್ರಿಗರ್ ಎಳೆದುಬಿಡುವುದುಂಟು, ಅಷ್ಟರಲ್ಲಿ ಬ್ಯಾರಲ್ ಆಕಾಶ ನೋಡುತ್ತಿರುತ್ತದೆ. ಸಾಕಷ್ಟು ಅಭ್ಯಾಸ ಆದಮೇಲೆ ಆರು ತುಂಬಿ. ಟ್ರಿಗರ್ ಎಳೆದೂ ಸಿಡಿಯದಿದ್ದರೆ ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ. ಪುಸ್ ಅಂತ ದುರ್ಬಲ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ, ಗುಂಡು ಬ್ಯಾರಲ್‌ನಲ್ಲೇ ಸಿಕ್ಕಿರಬಹುದು, ತೋಟಾ ಎಲ್ಲ ಇಳಿಸಿ ಬ್ಯಾರಲ್ ನೋಡುವವರೆಗೆ ಇನ್ನೊಂದು ಹಾರಿಸುವ ಹಾಗಿಲ್ಲ.

ಮ್ಯಾಗ್ನಮ್‌ಗೆ ಬಂದ ಮೇಲೆ ಒಂದು ಪರೀಕ್ಷೆ ಇದೆ. ಐದು ಹಾರಿಸಿ, ಆರನೆಯದನ್ನು ಹಾರಿಸದೆ ಹೊರತೆಗೆದು, ಪೆಟ್ಟಿಗೆಯಲ್ಲಿರುವ ಹೊಸ ತೋಟಾದ ಪಕ್ಕ ಇಡಿ. ಒದೆತಕ್ಕೆ ಅದರ ತುದಿಯ ಗುಂಡು ಮುಂದೆ ಸರಿದು ತೋಟಾ ಉದ್ದವಾಗಿದ್ದರೆ ಆ ಬ್ರಾಂಡ್ ನಿಮ್ಮ ರಿವಾಲ್ವರ್‌ಗೆ ಆಗಿಬರಲ್ಲ. ಇನ್ನೂ ಸರಿದರೆ ಸಿಲಿಂಡರಿನಿಂದ ಮೂತಿ ಹೊರಚಾಚಿ ತಿರುಗುವುದೇ ನಿಂತುಹೋಗುತ್ತದೆ. ಹಾರಿಸಿದ ತೋಟಾಗಳ ಖಾಲಿ ಕೋಶ ಬೀಳಿಸುವಾಗ ಬ್ಯಾರಲ್ ತುದಿ ಮೇಲಕ್ಕೆತ್ತಿ, ಸಿಲಿಂಡರಿನ ಮುಂದಿರುವ ರಾಡ್ ಮೇಲೆ ಒಂದೇ ಜೋರು ಏಟು. ಮೆಲ್ಲಗೆ ಒತ್ತಿದರೆ ಉರಿಯದ ಮದ್ದಿನ ಕಾಳು ಕೋಶಗಳನ್ನು ಹೊರದೂಡುವ ಎಕ್ಸ್‌ಟ್ರಾಕ್ಟರ್ ಅಡಿಗೆ ಹೋಗಿ ಕೂತು, ಸಿಲಿಂಡರ್ ಮುಚ್ಚಲು ಬಿಡದೆ ಸತಾಯಿಸುತ್ತದೆ.

ಸ್ಪೆಷಲ್ ಹಾರಿಸಿದ ದಿನ ಕೋಣೆಗಳನ್ನು ಬ್ರಷ್ ಹಾಕಿ ಉಜ್ಜುವುದು ಮರೆಯಬೇಡಿ. ಅದರ ಕೋಶ ಗಿಡ್ಡ, ಮುಂದೆ ಮಸಿಯ ಉಂಗುರ ಕಟ್ಟುತ್ತದೆ, ಮುಂದಿನ ಸಲ ಮ್ಯಾಗ್ನಮ್ ಹೊಗಲು ಒದ್ದಾಡುತ್ತದೆ. ಕೈಗೆ ಸೀಸ ಅಂಟಿರುತ್ತದೆ, ತಣ್ಣೀರು ಸೋಪಿನಲ್ಲಿ ಚೆನ್ನಾಗಿ ತೊಳೆಯಿರಿ. ಪುಳಿಯೋಗರೆ ಡಬ್ಬಿ ತೆರೆಯುವುದು ಆಮೇಲೆ.