ಹಳೇ ವಿಡಿಯೋ ಕ್ಯಾಮರಾ ಬಿಚ್ಚುವ ಮೊದಲು ಇಷ್ಟು ನೋಡಿಕೊಳ್ಳಿ

ಕೊಡಗಿನ ಬಹಳ ಮನೆಗಳಲ್ಲಿ ಬೀರು ತೆಗೆದರೆ ಒಂದು ಹಳೇ ವಿಡಿಯೋ ಕ್ಯಾಮರಾ ಸಿಗುತ್ತದೆ. ಗಲ್ಫಿನಿಂದ ಬಂದದ್ದೋ, ಮಿಲಿಟರಿಯಲ್ಲಿದ್ದ ಚಿಕ್ಕಪ್ಪ ರಜೆಗೆ ಬರುವಾಗ ತಂದದ್ದೋ ಇರುತ್ತದೆ. ಜೊತೆಗೆ ಬಿಸ್ಕತ್ ಡಬ್ಬದ ತುಂಬಾ ಕ್ಯಾಸೆಟ್. ಅಕ್ಕನ ಮದುವೆ, ಪುತ್ತರಿ ಹಬ್ಬ, ತೀರಿಕೊಂಡ ತಾತ ತೋಟದಲ್ಲಿ ನಡೆದು ಹೋಗುವುದು, 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿಯ ಮೊದಮೊದಲ ಮ್ಯಾಚುಗಳು. ನೋಡೋಣ ಅಂತ ಕೂತರೆ ಕ್ಯಾಮರಾ ಆನ್ ಆಗುವುದಿಲ್ಲ, ಅಥವಾ ಕ್ಯಾಸೆಟ್ ನುಂಗಿ ಕೂರುತ್ತದೆ. ಆಗ ಕೈಗೆ ಸ್ಕ್ರೂಡ್ರೈವರ್ ಬರುತ್ತದೆ.

ನಾನು ಗೋಣಿಕೊಪ್ಪದ ಕಡೆ ಮದುವೆ ವಿಡಿಯೋ ತೆಗೆಯುತ್ತಿದ್ದವನು. ಈಗ ಮನೆಯ ಟೇಬಲ್ ಮೇಲೆ ಇಂಥ ಕ್ಯಾಮರಾಗಳನ್ನು ಬಿಚ್ಚಿಕೊಂಡು ಕೂತಿರುತ್ತೇನೆ. ಬಿಚ್ಚಬೇಡಿ ಅಂತ ಹೇಳುವುದಿಲ್ಲ. ಆದರೆ ಮೊದಲು ನೀವು, ಆಮೇಲೆ ಕ್ಯಾಸೆಟ್, ಕೊನೆಗೆ ಕ್ಯಾಮರಾ. ಈ ವರಸೆ ತಲೆಯಲ್ಲಿ ಇರಲಿ. ಕ್ಯಾಮರಾ ಹೋದರೆ ಇನ್ನೊಂದು ಹಳೆಯದು ಎಲ್ಲಾದರೂ ಸಿಗುತ್ತದೆ, ತಾತ ನಡೆದದ್ದು ಇನ್ನೊಂದು ಸಿಗುವುದಿಲ್ಲ ಅಲ್ವಾ.

ಎಲ್ಲರೂ ಕ್ಯಾಮರಾಗೆ ಹೆದರುತ್ತಾರೆ, ಅಡಾಪ್ಟರ್‌ಗೆ ಯಾರೂ ಹೆದರುವುದಿಲ್ಲ. ನಾನೂ ಹೆದರಿರಲಿಲ್ಲ. ಒಂದು ಕಕ್ಕಡ ತಿಂಗಳ ಮಧ್ಯಾಹ್ನ, ಮಳೆ ಬಿಡದೆ ಹೊಡೆಯುತ್ತಿತ್ತು, ಒಂದು ಅಡಾಪ್ಟರ್ ಬಿಚ್ಚಿಟ್ಟಿದ್ದೆ. ಪ್ಲಗ್ ತೆಗೆದು ಹತ್ತು ನಿಮಿಷ ಆಗಿತ್ತು, ಮಧ್ಯೆ ಕಾಫಿ ಕೂಡ ಕುಡಿದು ಬಂದಿದ್ದೆ. ಬೋರ್ಡ್ ಎತ್ತಿ ತಿರುಗಿಸಿದೆ ನೋಡಿ, ಹೆಬ್ಬೆರಳೂ ತೋರುಬೆರಳೂ ಸರಿಯಾಗಿ ಆ ದಪ್ಪ ಕೆಪಾಸಿಟರ್‌ನ ಎರಡು ಕಾಲುಗಳ ಮೇಲೆ ಬಿದ್ದವು. ಬೋರ್ಡ್ ಗೋಡೆಗೆ ಹಾರಿತು. ಮೊಣಕೈ ಹಿಂದಿನ ಕಪಾಟಿಗೆ ಬಡಿದು ನೀಲಿಗಟ್ಟಿತು. ಬೆರಳ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಎರಡು ಬಿಳಿ ಚುಕ್ಕೆ, ಒಂದು ವಾರ ಹೋಗಲಿಲ್ಲ.

ಆದದ್ದು ಇಷ್ಟೇ. ಗೋಡೆಯ 230 ವೋಲ್ಟ್ ಎಸಿ ಅಡಾಪ್ಟರ್ ಒಳಗೆ ಹೋಗಿ ಸುಮಾರು 325 ವೋಲ್ಟ್ ಡಿಸಿ ಆಗುತ್ತದೆ, ಅದು ಆ ಕೆಪಾಸಿಟರ್‌ನಲ್ಲಿ ತುಂಬಿಕೊಂಡಿರುತ್ತದೆ. ಅಡಾಪ್ಟರ್ ಸರಿ ಇದ್ದರೆ ಪ್ಲಗ್ ತೆಗೆದ ಮೇಲೆ ತಾನೇ ಖಾಲಿಯಾಗುತ್ತದೆ. ಕೆಟ್ಟ ಅಡಾಪ್ಟರ್‌ನಲ್ಲಿ ಖಾಲಿಯಾಗುವ ದಾರಿಯೇ ಮುಚ್ಚಿಹೋಗಿರಬಹುದು. ನಾವು ಬಿಚ್ಚುವುದು ಕೆಟ್ಟದ್ದನ್ನೇ ತಾನೆ?

ಹಾಗಾಗಿ ಮೊದಲು ಮೀಟರ್. ಮಲ್ಟಿಮೀಟರನ್ನು ಡಿಸಿ 600 ಅಥವಾ 1000 ವೋಲ್ಟಿಗೆ ತಿರುಗಿಸಿ. ಕೆಂಪು ವೈರ್ 10 ಆಂಪ್ ತೂತಿನಲ್ಲಿ ಇಲ್ಲ ತಾನೆ ಅಂತ ಒಮ್ಮೆ ನೋಡಿ, ಅಲ್ಲಿದ್ದರೆ ನೇರ ಶಾರ್ಟ್. ಕೆಪಾಸಿಟರ್‌ನ ಎರಡು ಕಾಲಿನ ಮೇಲೆ ಇಟ್ಟು ಅಳೆಯಿರಿ. ಚಾರ್ಜ್ ಇದ್ದರೆ ಅದನ್ನು ಮೆಲ್ಲಗೆ ಹರಿಸಿ ಖಾಲಿ ಮಾಡಲು 2 ಕಿಲೋ ಓಮ್, 5 ವ್ಯಾಟ್‌ನ ರೆಸಿಸ್ಟರ್ ಒಂದಕ್ಕೆ ಎರಡು ಕಡೆಯೂ ವೈರ್ ಬೆಸುಗೆ ಹಾಕಿ, ಮೇಲೆ ಪ್ಲಾಸ್ಟಿಕ್ ಸ್ಲೀವ್ ಏರಿಸಿ, ತುದಿಗಳಿಗೆ ಮೀಟರಿಗೆ ಇರುವಂಥ ಹಿಡಿ ಇರುವ ಪ್ರೋಬ್ ಕೂರಿಸಿದ್ದು ರೆಡಿ ಇರಬೇಕು. ಅದರ ಪ್ರೋಬ್‌ಗಳನ್ನು ಕೆಪಾಸಿಟರ್‌ನ ಎರಡು ಕಾಲಿಗೆ ಐದಾರು ಸೆಕೆಂಡ್ ತಾಗಿಸಿ ಹಿಡಿಯಿರಿ. ಮತ್ತೆ ಅಳೆಯಿರಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಯಿರಿ, ಯಾಕೆಂದರೆ ಖಾಲಿಯಾದ ಕೆಪಾಸಿಟರ್‌ನಲ್ಲಿ ಸ್ವಲ್ಪ ವೋಲ್ಟೇಜ್ ಮೆಲ್ಲಗೆ ವಾಪಸ್ ಏರುವುದುಂಟು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಪಟ್ ಅನ್ನಿಸುವ ಅಭ್ಯಾಸ ಹಳೇ ರೇಡಿಯೋ ಅಂಗಡಿಗಳಲ್ಲಿ ಇತ್ತು. ಕರಗಿದ ಲೋಹದ ಚೂರು ಕಣ್ಣಿಗೆ ಹಾರುತ್ತದೆ. ಬೇಡ.

ಇನ್ನೂ ನೇರವಾಗಿ ಹೇಳಬೇಕೆಂದರೆ, ಕರೆಂಟ್ ಕೆಲಸ ಮಾಡಿ ಗೊತ್ತಿಲ್ಲದವರು ಅಡಾಪ್ಟರ್ ಬಿಚ್ಚುವುದೇ ಬೇಡ. ಹೊಸದು ತನ್ನಿ. 7.2 ವೋಲ್ಟ್ ಬ್ಯಾಟರಿಯ ಬಹಳಷ್ಟು ಕ್ಯಾಮರಾಗಳಿಗೆ 8.4 ವೋಲ್ಟ್ ಅಡಾಪ್ಟರ್ ಬೇಕು. ಹಳೆಯದರ ಮೇಲೆ ಬರೆದ ವೋಲ್ಟ್ ಅಷ್ಟೇ ಇರಬೇಕು, ಪ್ಲಸ್ ಮೈನಸ್ ಅದೇ ಇರಬೇಕು, ಆಂಪ್ ಅಷ್ಟೋ ಜಾಸ್ತಿಯೋ ಇದ್ದರೆ ಸಾಕು.

ಇನ್ನು ಕ್ಯಾಮರಾ. ಬ್ಯಾಟರಿ ತೆಗೆದೆ, ಇನ್ನೇನಿದೆ ಅಂದುಕೊಳ್ಳಬೇಡಿ. ಫೋಟೋ ತೆಗೆಯುವ ಫ್ಲ್ಯಾಶ್ ಇರುವ ಮಾಡೆಲ್ ಆದರೆ ಒಳಗೆ ಕೋಲು ಬ್ಯಾಟರಿಯ ಆಕಾರದ ಒಂದು ಕಪ್ಪು ಕೆಪಾಸಿಟರ್ ಇರುತ್ತದೆ, ಅದರಲ್ಲಿ 300 ವೋಲ್ಟಿನ ಮೇಲೆ ನಿಂತಿರುತ್ತದೆ. ಬೀರುವಿನಲ್ಲಿ ಬಹಳ ದಿನ ಬಿದ್ದಿದ್ದರೆ ಖಾಲಿ ಇರಬಹುದು. ಆದರೆ ಕೆಟ್ಟಿದೆಯಾ ಅಂತ ನೋಡಲು ಈಗ ತಾನೆ ಒಮ್ಮೆ ಆನ್ ಮಾಡಿದಿರಲ್ಲ, ಅಷ್ಟಕ್ಕೇ ತುಂಬಿಕೊಂಡಿರುತ್ತದೆ. ಅದಕ್ಕೂ ಅದೇ ರೆಸಿಸ್ಟರ್, ಅದೇ ಮೀಟರ್. ಹೆಗಲ ಮೇಲೆ ಹೊರುತ್ತಿದ್ದ ಹಳೇ ವಿಎಚ್‌ಎಸ್ ಕ್ಯಾಮರಾದ ಕಪ್ಪು ಬಿಳುಪು ವ್ಯೂಫೈಂಡರಿನಲ್ಲಿ ಬೆರಳುದ್ದದ ಪಿಕ್ಚರ್ ಟ್ಯೂಬ್ ಇರುತ್ತದೆ. ಟಿವಿಯ ಮರಿ ಅಷ್ಟೇ. ಒಳಗೆ ಸಾವಿರಾರು ವೋಲ್ಟ್, ಹಿಂದಿನ ಗಾಜಿನ ಕತ್ತು ಒತ್ತಿದರೆ ಮುರಿಯುತ್ತದೆ. ಪಕ್ಕಕ್ಕೆ ತೆರೆಯುವ ಸ್ಕ್ರೀನ್ ಇರುವ ಹಳೇ ಮಾಡೆಲ್‌ಗಳಲ್ಲಿ ಹಿಂಬೆಳಕಿಗೆ ಪುಟ್ಟ ಟ್ಯೂಬ್‌ಲೈಟ್ ಇರುತ್ತದೆ, ಅದನ್ನು ಉರಿಸುವ ಬೋರ್ಡಿನಲ್ಲಿ ನೂರಾರು ವೋಲ್ಟ್. ಆನ್ ಇದ್ದಾಗ ಅಲ್ಲಿ ಬೆರಳು ಇಟ್ಟರೆ ಸುಡುತ್ತದೆ.

ಕೂರುವ ಜಾಗದ ಮಾತು. ನಮ್ಮ ಮಳೆಗಾಲದಲ್ಲಿ ಸಿಮೆಂಟ್ ನೆಲವೇ ಬೆವರುತ್ತದೆ. ಬರಿಗಾಲಿನಲ್ಲಿ ಅಂಥ ನೆಲದ ಮೇಲೆ ನಿಂತು ಕರೆಂಟ್ ಮುಟ್ಟಿದರೆ ಪೂರ್ತಿ ದಾರಿ ಸಿಕ್ಕ ಹಾಗೆ. ಒಣ ಮರದ ಟೇಬಲ್, ಕಾಲಡಿಗೆ ರಬ್ಬರ್ ಮ್ಯಾಟ್, ಒಣಗಿದ ಚಪ್ಪಲಿ. ಉಂಗುರ, ಬಳೆ, ಕೈಗಡಿಯಾರ, ಕತ್ತಿನಿಂದ ಜೋತಾಡುವ ಸರ ತೆಗೆದಿಡಿ. ಆನ್ ಇರುವಾಗ ಅಳೆಯಬೇಕಾಗಿ ಬಂದರೆ ಒಂದು ಕೈ ಜೇಬಿನಲ್ಲಿರಲಿ, ಆಗ ಕರೆಂಟ್ ಒಂದು ಕೈಯಿಂದ ಇನ್ನೊಂದಕ್ಕೆ ಎದೆ ದಾಟಿ ಹೋಗುವುದಿಲ್ಲ. ಮನೆಯಲ್ಲಿ ಶಾಕ್ ಹೊಡೆದರೆ ತಾನೇ ಕರೆಂಟ್ ಕಡಿಯುವ ಇಎಲ್‌ಸಿಬಿ ಸ್ವಿಚ್ ಇದೆ ಅಂತ ಧೈರ್ಯ ಬೇಡ. ಚಾರ್ಜ್ ಆದ ಕೆಪಾಸಿಟರ್ ಹೊಡೆದರೆ ಅದಕ್ಕೆ ಗೊತ್ತೇ ಆಗುವುದಿಲ್ಲ.

ಕೊಡಗಿನವರಿಗೇ ಇರುವ ಇನ್ನೊಂದು ಅಪಾಯ. ಮರ ಬಿದ್ದು ಲೈನ್ ಹೋಗುತ್ತದೆ, ಎರಡು ದಿನ ಕರೆಂಟ್ ಇರುವುದಿಲ್ಲ, ಹೇಗೂ ಕರೆಂಟ್ ಇಲ್ಲವಲ್ಲ ಅಂತ ಪ್ಲಗ್ ಗೋಡೆಯಲ್ಲೇ ಬಿಟ್ಟು ಕೈ ಹಾಕುತ್ತೇವೆ, ಸರಿಯಾಗಿ ಆಗಲೇ ಲೈನ್‌ಮ್ಯಾನ್ ಅಲ್ಲೆಲ್ಲೋ ಫ್ಯೂಸ್ ಕೂರಿಸುತ್ತಾನೆ. ಸ್ವಿಚ್ ಆಫ್ ಮಾಡಿದ್ದೂ ಸಾಲದು, ಹಳೇ ವೈರಿಂಗ್‌ನಲ್ಲಿ ಸ್ವಿಚ್ ನ್ಯೂಟ್ರಲ್ ಮೇಲೆ ಇದ್ದದ್ದನ್ನು ನಾನು ನೋಡಿದ್ದೇನೆ. ಪ್ಲಗ್ ಕಿತ್ತು, ಕಣ್ಣಿಗೆ ಕಾಣುವ ಹಾಗೆ ಟೇಬಲ್ ಮೇಲೆ ಇಡಿ. ಕಾಫಿ ಹೂ ಬಿಡಿಸುವ ಹೂಮಳೆಯ ಕಾಲದಲ್ಲಿ ಗುಡುಗು ಶುರುವಾದರಂತೂ ಎಲ್ಲಾ ಬಿಟ್ಟು ಎದ್ದುಬಿಡಿ.

ಒಬ್ಬರೇ ಮನೆಯಲ್ಲಿರುವಾಗ ಗೋಡೆಯ ಕರೆಂಟಿನ ಕೆಲಸ ಬೇಡ. ಜೊತೆಗಿರುವವರಿಗೆ ಮೊದಲೇ ಹೇಳಿಡಿ. ನನಗೆ ಶಾಕ್ ಹೊಡೆದು ಅಂಟಿಕೊಂಡರೆ ಮುಟ್ಟಬೇಡಿ, ಮೊದಲು ಮೇನ್ ಸ್ವಿಚ್ ಇಳಿಸಿ, ಆಮೇಲೆ 108ಕ್ಕೆ ಫೋನ್ ಮಾಡಿ ಅಂತ.

ಬ್ಯಾಟರಿ. ಲಿಥಿಯಂ ಬ್ಯಾಟರಿ ಉಬ್ಬಿ ಕ್ಯಾಮರಾದಲ್ಲೇ ಸಿಕ್ಕಿಕೊಂಡಿದ್ದರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಕ್ಯಾಮರಾದ ಪ್ಲಾಸ್ಟಿಕ್ ಬಾಗಿಲನ್ನೇ ಮುರಿಯಿರಿ, ಪರವಾಗಿಲ್ಲ, ಬ್ಯಾಟರಿಗೆ ತೂತಾಗಬಾರದು. ಮತ್ತೆ ಚಾರ್ಜ್ ಮಾಡಿ ನೋಡೋಣ ಅನ್ನುವ ಆಸೆಯೂ ಬೇಡ. ಬ್ಯಾಟರಿಯ ಲೋಹದ ತುದಿಗಳಿಗೆ ಟೇಪ್ ಸುತ್ತಿ, ಒಣ ಮರಳು ತುಂಬಿದ ಮಣ್ಣಿನ ಮಡಕೆಯಲ್ಲಿ ಇಟ್ಟು ಮನೆಯಿಂದ ಹೊರಗೆ ಇಡಿ, ಆಮೇಲೆ ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡಿ. ಅಂಗಳದ ತರಗೆಲೆ ರಾಶಿಗೆ ಹಾಕಿ ಬೆಂಕಿ ಇಡುವುದು, ಬೇಲಿಯಾಚೆ ತೋಟಕ್ಕೆ ಎಸೆಯುವುದು ಎರಡೂ ಬೇಡ. ಇನ್ನೂ ಹಳೆಯದಾದ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಕೈಗವಸು ಹಾಕಿ ಒರೆಸಿ, ಊದಬೇಡಿ. ಗಡಿಯಾರ, ತಾರೀಕು ನೆನಪಿಡಲು ಒಳಗೆ ಬಟನ್ ಸೆಲ್ ಇದ್ದರೆ ತೆಗೆದ ತಕ್ಷಣ ಎತ್ತಿಡಿ. ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಲು ಸಾಕು.

ಬಿಚ್ಚುವ ಮೊದಲು ಇನ್ನೊಂದು. ಸ್ಕ್ರೀನ್ ಮೇಲೆ ನೀರಿನ ಹನಿಯ ಗುರುತು ಮಿನುಗುತ್ತಿದೆಯಾ? ಹಾಗಾದರೆ ಕ್ಯಾಮರಾ ಕೆಟ್ಟಿಲ್ಲ, ಒಳಗೆ ತೇವ ಇದೆ ಅಂತ ಅದೇ ಹೇಳುತ್ತಿದೆ. ಮಡಿಕೇರಿಯ ಜುಲೈಯಲ್ಲಿ ಹೇಳದೆ ಇನ್ನೇನು ಮಾಡೀತು? ಒದ್ದೆ ಡ್ರಮ್‌ಗೆ (ಟೇಪ್ ತಾಗಿ ಓಡುವ, ತಿರುಗುವ ಲೋಹದ ಉರುಳೆ) ಟೇಪ್ ಅಂಟಿಕೊಂಡು ಸುತ್ತಿಕೊಳ್ಳಬಾರದು ಅಂತಲೇ ಅದು ನಿಲ್ಲುವುದು. ಕ್ಯಾಸೆಟ್ ತೆಗೆದು, ಬಾಗಿಲು ತೆರೆದು, ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬದಲ್ಲಿ ಎರಡು ದಿನ ಇಡಿ. ಹೇರ್ ಡ್ರೈಯರ್ ಬೇಡ. ಒಬ್ಬರು ಅಡುಗೆಮನೆ ಒಲೆಯ ಮೇಲಿನ ಅಟ್ಟದಲ್ಲಿ ಏಲಕ್ಕಿ ಪಕ್ಕ ಒಣಗಿಸಿ ತಂದಿದ್ದರು. ಒಣಗಿತ್ತು ನಿಜ, ಲೆನ್ಸಿನ ಒಳಗೆಲ್ಲಾ ಹೊಗೆಯ ಜಿಡ್ಡು.

ಕ್ಯಾಸೆಟ್ ಕಿಟಕಿಯಲ್ಲಿ ನೋಡಿದಾಗ ಟೇಪಿನ ಸುರುಳಿಯ ಮೇಲೆ ಬಿಳಿ ಬೂಷ್ಟು ಕಂಡರೆ ಅದನ್ನು ಯಾವ ಕ್ಯಾಮರಾಗೂ ಹಾಕಬೇಡಿ. ಬೂಷ್ಟು ಡ್ರಮ್‌ಗೆ ಹತ್ತಿ ಮುಂದಿನ ಕ್ಯಾಸೆಟ್‌ಗೂ ಹೋಗುತ್ತದೆ. ಒರೆಸುವಾಗ ಮಾಸ್ಕ್ ಹಾಕಿ, ಹೊರಗೆ ಜಗಲಿಯಲ್ಲಿ ಕೂತು ಒರೆಸಿ. ಉಬ್ಬಸ ಇರುವವರು ಈ ಕೆಲಸ ಬೇರೆಯವರಿಗೆ ಬಿಡಿ.

ಸ್ಕ್ರೂಗಳ ಬಗ್ಗೆ ಹೇಳದಿದ್ದರೆ ಆಗದು. ಜಪಾನ್ ಕ್ಯಾಮರಾಗಳ ಸ್ಕ್ರೂ ತಲೆಗೆ ನಮ್ಮ ಮಾಮೂಲಿ ಸ್ಟಾರ್ ಡ್ರೈವರ್ ಸರಿಯಾಗಿ ಕೂರುವುದಿಲ್ಲ, ಜಾರುತ್ತದೆ. ಜಾರಿದ ಡ್ರೈವರ್ ಹೋಗಿ ಚುಚ್ಚುವುದು ಎಡಗೈಗೆ. ಜೆಐಎಸ್ (ಜಪಾನಿನ ಅಳತೆ) ಅಂತ ಬರೆದ ಡ್ರೈವರ್ ಕೇಳಿ ತನ್ನಿ. ಬಿಚ್ಚಿದ ಸ್ಕ್ರೂಗಳನ್ನು ಒಂದೇ ಬಟ್ಟಲಿಗೆ ಹಾಕಬೇಡಿ. ನಾನು ಹಾಳೆಯ ಮೇಲೆ ಕ್ಯಾಮರಾದ ಚಿತ್ರ ಬರೆದು, ಎಲ್ಲಿಯ ಸ್ಕ್ರೂ ಅಲ್ಲೇ ಸೆಲ್ಲೋಟೇಪ್ ಹಾಕಿ ಅಂಟಿಸುತ್ತೇನೆ. ಗಿಡ್ಡ ಸ್ಕ್ರೂ ಜಾಗಕ್ಕೆ ಒಂದೆರಡು ಮಿಲಿಮೀಟರ್ ಉದ್ದದ್ದು ಹೋದರೆ ಕೆಳಗಿನ ಬೋರ್ಡ್ ತೂತು. ಕ್ಯಾಸೆಟ್ ಬಾಗಿಲಿನ ಸ್ಪ್ರಿಂಗ್ ಬಿಚ್ಚುವಾಗ ಕನ್ನಡಕ ಹಾಕಿರಿ, ಅದು ಎಲ್ಲಿಗೆ ಹಾರುತ್ತದೆ ಅಂತ ಹೇಳಲಾಗದು. ರಿಬ್ಬನ್ ಕೇಬಲ್ ಎಳೆಯುವ ಮೊದಲು ಲಾಕ್ ಹುಡುಕಿ, ಕಂದು ಬಣ್ಣದ ಪುಟ್ಟ ರೆಪ್ಪೆಯ ಹಾಗೆ ಇರುತ್ತದೆ, ಉಗುರಿನಿಂದ ಎತ್ತಿದರೆ ಸಾಕು.

ಟೇಪ್ ಸಿಕ್ಕಿಕೊಂಡಿದ್ದರೆ ಎಳೆಯಬೇಡಿ. ಮಿನಿ ಡಿವಿ ಅನ್ನುವ ಪುಟ್ಟ ಡಿಜಿಟಲ್ ಕ್ಯಾಸೆಟ್ಟಿನ ಟೇಪಿನ ಅಗಲ ಕಾಲು ಇಂಚು, ದಪ್ಪ ಕೂದಲಿಗಿಂತ ಕಡಿಮೆ. ಬ್ಯಾಟರಿ ತೆಗೆದು, ಟೇಪನ್ನು ಡ್ರಮ್ಮಿಗೆ ಸುತ್ತಿಸುವ ಲೋಡಿಂಗ್ ಮೋಟರಿನ ಗೇರನ್ನು ಮರದ ಕಡ್ಡಿಯಿಂದ ಮೆಲ್ಲಗೆ ತಿರುಗಿಸುತ್ತಾ ಹೋದರೆ ಟೇಪ್ ತಾನೇ ಸಡಿಲವಾಗುತ್ತದೆ. ಕಾಲು ಗಂಟೆ ಹಿಡಿಯಬಹುದು, ಹಿಡಿಯಲಿ. ಬ್ಯಾಟರಿ ಯಾಕೆ ತೆಗೆಯಬೇಕು ಅಂದರೆ, ಆನ್ ಆಗಿ ಡ್ರಮ್ ತಿರುಗಿದರೆ ಮಿನಿ ಡಿವಿಯಲ್ಲಿ ನಿಮಿಷಕ್ಕೆ 9000 ಸುತ್ತು, ಮತ್ತೆ ಆ ಗೇರುಗಳ ಮಧ್ಯೆ ನಿಮ್ಮ ಬೆರಳಿರುತ್ತದೆ.

ಡ್ರಮ್ಮಿನ ಪಕ್ಕದಲ್ಲಿರುವ, ಟೇಪ್ ಓದುವ ಹೆಡ್ ಒರೆಸುವಾಗ ಕಿವಿಗೆ ಹಾಕುವ ಹತ್ತಿ ಕಡ್ಡಿ ಬೇಡ, ಅದರ ಎಳೆ ಹೆಡ್ಡಿನ ತುದಿಗೆ ಸಿಕ್ಕಿ ತುದಿಯೇ ಕಿತ್ತು ಬರುತ್ತದೆ. ನೂಲು ಬಿಡದ ಮೆತ್ತನೆ ತೊಗಲಿನ ತುಂಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ, ಡ್ರಮ್ ಪಕ್ಕಕ್ಕೆ ಸುಮ್ನೆ ತಾಗಿಸಿ ಹಿಡಿದು, ಇನ್ನೊಂದು ಬೆರಳಿನಿಂದ ಡ್ರಮ್ಮಿನ ಮೇಲ್ಭಾಗ ಹಿಡಿದು ತಿರುಗಿಸಿ. ತೊಗಲು ಅಲುಗಬಾರದು, ಡ್ರಮ್ ತಿರುಗಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಹೋದ ಹಾಗೆಯೇ. ಆ ಆಲ್ಕೋಹಾಲ್‌ಗೆ ಬೆಂಕಿ ಹಿಡಿಯುವುದು ಪೆಟ್ರೋಲಿನಷ್ಟೇ ಸುಲಭ ಅಂದುಕೊಳ್ಳಿ. ಬೆಸುಗೆ ಕೋಲು, ಊದುಬತ್ತಿ, ಸಿಗರೇಟು ದೂರ. ಗೇರಿಗೆ ತೆಂಗಿನೆಣ್ಣೆ ಬಿಡುವವರಿದ್ದಾರೆ, ಮುಂದಿನ ಮಳೆಗಾಲಕ್ಕೆ ಅದು ಅಂಟು.

ಮತ್ತೆ ಕರೆಂಟ್ ಕೊಡುವಾಗ, ರಿಪೇರಿ ಮಾಡಿದ್ದು ಅಡಾಪ್ಟರ್ ಆಗಿದ್ದರೆ ಸೀರೀಸ್ ಬೋರ್ಡ್, ಅಂದರೆ ಕರೆಂಟ್ ಒಂದು ಬಲ್ಬ್ ದಾಟಿ ಬರುವ ಬೋರ್ಡ್ ಮೂಲಕ ಕೊಡಿ. 40 ವ್ಯಾಟಿನ ಹಳೇ ತಂತಿ ಬಲ್ಬ್ ಬೇಕು, ಎಲ್‌ಇಡಿ ಆಗುವುದಿಲ್ಲ. ಬಲ್ಬ್ ಒಮ್ಮೆ ಮಿಂಚಿ ಆರಿದರೆ ಸರಿ, ಪೂರ್ತಿ ಉರಿದರೆ ಒಳಗೆ ಇನ್ನೂ ಶಾರ್ಟ್ ಇದೆ, ಪ್ಲಗ್ ಕಿತ್ತು ಮತ್ತೆ ಆ ರೆಸಿಸ್ಟರ್ ಹುಡುಕಿ. ಕ್ಯಾಮರಾಗೆ ಮೊದಲು ಹಾಕುವುದು ಯಾರಿಗೂ ಬೇಡದ ಕ್ಯಾಸೆಟ್. ನನ್ನ ಹತ್ತಿರ ಅದಕ್ಕೇ ಅಂತ ಒಂದಿದೆ, ಯಾವುದೋ ಮದುವೆಯಲ್ಲಿ ಕ್ಯಾಮರಾ ಆಫ್ ಮಾಡಲು ಮರೆತು ನನ್ನ ಚಪ್ಪಲಿಯನ್ನೇ ನಲವತ್ತು ನಿಮಿಷ ತೆಗೆದದ್ದು. ಚಪ್ಪಲಿ ಗೆರೆ ಇಲ್ಲದೆ ಬಂದು, ಕ್ಯಾಸೆಟ್ ಮೂರು ಸಲ ಹೋಗಿ ಮೂರು ಸಲ ಸುಸೂತ್ರ ಹೊರಗೆ ಬಂದ ಮೇಲೆ ಅಕ್ಕನ ಮದುವೆ ಹಾಕುತ್ತೇನೆ.